ವಾರ್ನಿಂಗ್ ಓದದ ತಪ್ಪಿಗೆ

ರಜೆಗೆಂದು ಊರಿಗೆ ಹೋಗಿದ್ದೆ, ಮೊಳಕಾಲ್ಮೂರು ಕಡೆ. ಮರುದಿನ ರಿಲೀಸ್. ಪೈಥಾನ್ 3.11ರಿಂದ 3.12ಕ್ಕೆ ಬದಲಾಯಿಸಿದ್ದೇ ತಡ, ನಮ್ಮ ಪ್ಯಾಕೇಜಿನ ಟೆಸ್ಟ್‌ಗಳೆಲ್ಲ ಸಾಲಾಗಿ ಫೇಲ್!

ಜಟಿಂಗ ರಾಮೇಶ್ವರ ಬೆಟ್ಟದ ಅಶೋಕನ ಶಾಸನ ನೆನಪಾಯ್ತು. ಅದು ತುಂಬಾ ಸವೆದಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದ ಪ್ರತಿಗಳ ಜೊತೆಗಿಟ್ಟು ನೋಡಿದರೆ ಅರ್ಥವಾಗುತ್ತೆ. ನಾನೂ ಎರಡೂ ಆವೃತ್ತಿಗಳಲ್ಲಿ ಟೆಸ್ಟ್ ಓಡಿಸಿ, ಫಲಿತಾಂಶ ಪಕ್ಕಪಕ್ಕ ಇಟ್ಟೆ.

ಕೋಡ್ ಸರಿಯಾಗೇ ಇತ್ತು. ಟೆಸ್ಟ್‌ಗಳಲ್ಲಿ ಬಳಸಿದ್ದ 'ಅಸರ್ಟ್‌ಈಕ್ವಲ್ಸ್' ಎಂಬ ಹಳೇ ಹೆಸರನ್ನು 2023ರ ಅಕ್ಟೋಬರ್‌ನಲ್ಲಿ ಬಂದ 3.12 ತೆಗೆದುಹಾಕಿತ್ತು; 'ಅಸರ್ಟ್‌ಈಕ್ವಲ್' ಮಾತ್ರ ಉಳಿದಿತ್ತು. ಒಂದಕ್ಷರ ಅಳಿಸಿದೆ, ಪಾಸಾಯ್ತು.

ವರ್ಷಗಳಿಂದ ವಾರ್ನಿಂಗ್ ಬರ್ತಾನೇ ಇತ್ತು, ನಾವೇ ನೋಡಿರಲಿಲ್ಲ. ನೀವು ಹಾಗೆ ಮಾಡ್ಬೇಡಿ: ಅಪ್‌ಗ್ರೇಡ್‌ಗೆ ಮೊದಲು, ಹಳೇ ಆವೃತ್ತಿಯಲ್ಲೇ ವಾರ್ನಿಂಗ್‌ಗಳನ್ನು ಎರರ್ ಎಂದು ಪರಿಗಣಿಸುವಂತೆ ಮಾಡಿ ಒಮ್ಮೆ ಟೆಸ್ಟ್ ಓಡಿಸಿ.