ಸದ್ದಿಲ್ಲದ ಗಣಕ

ಜಮಖಂಡಿಯ ಕಡೆಯಿಂದ ರಬಕವಿ-ಬನಹಟ್ಟಿಗೆ ಬರುವವರನ್ನು ನೇಕಾರರ ಓಣಿಗಳಲ್ಲಿ ಮೊದಲು ಎದುರುಗೊಳ್ಳುವುದು ಮಗ್ಗದ ಸಪ್ಪಳ. ಇಲ್ಲಿ ವಿದ್ಯುತ್ ಮಗ್ಗಗಳು ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಇರುವುದಿಲ್ಲ. ಅನೇಕ ಮನೆಗಳಲ್ಲಿ ಅಡುಗೆಮನೆಗೆ ತಗುಲಿದ ಅಂಕಣದಲ್ಲಿಯೇ ಅವು ನಿಂತಿರುತ್ತವೆ. ಮಗ್ಗಗಳು ಓಡುವ ಕೋಣೆಯಲ್ಲಿ ಶಬ್ದವು 90 ಡೆಸಿಬೆಲ್ ಮೀರುವುದು ಸಾಮಾನ್ಯ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದವು 45 ಡೆಸಿಬೆಲ್‌ಗಿಂತ ಹೆಚ್ಚಿರಬಾರದೆಂದು ನಮ್ಮ ದೇಶದಲ್ಲಿ 2000ದಲ್ಲಿ ಜಾರಿಗೆ ಬಂದ ನಿಯಮಗಳು ವಿಧಿಸುತ್ತವೆ. ಮಗ್ಗಗಳು ನಿಂತ ಮೇಲೆ ದೊರೆಯುವ ಒಂದೆರಡು ಗಂಟೆಗಳ ನಿಶ್ಶಬ್ದತೆಯು ಓದುವ ಮಕ್ಕಳಿಗೆ ಎಷ್ಟು ಅಮೂಲ್ಯವೆಂಬುದನ್ನು ಅಂಥ ಮನೆಗಳವರೇ ಬಲ್ಲರು. ಆ ಹೊತ್ತಿನಲ್ಲಿ ಮೇಜಿನ ಮೇಲಿನ ಕಂಪ್ಯೂಟರು ಭರ್ರೆಂದು ಬೀಸತೊಡಗಿದರೆ ಅದು ಬೇಸರದ ಸಂಗತಿಯೇ ಸರಿ. ಕಂಪ್ಯೂಟರು ಸದ್ದು ಮಾಡುವುದೇಕೆ? ಸದ್ದಿಲ್ಲದ, ಪುಸ್ತಕದ ಕಪಾಟಿನಲ್ಲಿ ಅಡಗುವಷ್ಟು ಚಿಕ್ಕದಾದ ಕಂಪ್ಯೂಟರನ್ನು ನಾವೇ ಜೋಡಿಸಲು ಸಾಧ್ಯವೆ?

ಮಗ್ಗಕ್ಕೂ ಗಣಕಕ್ಕೂ ಇರುವ ನಂಟು ಇಂದಿನದಲ್ಲ. 1804ರಲ್ಲಿ ಫ್ರಾನ್ಸ್ ದೇಶದ ಲಿಯಾನ್ ನಗರದ ಜೋಸೆಫ್ ಮರೀ ಜಕಾರ್ಡ್ ಎಂಬಾತನು ರಂಧ್ರ ಕೊರೆದ ರಟ್ಟುಗಳಿಂದ ಹಾಸಿನ ಎಳೆಗಳನ್ನು ಆಳುವ ಮಗ್ಗವನ್ನು ರೂಪಿಸಿದನು. ರಂಧ್ರವಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಇದೇ ರಟ್ಟನ್ನು ಲೆಕ್ಕದ ಯಂತ್ರಕ್ಕೆ ಬಳಸಬಹುದೆಂದು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಮುಂದೆ ಯೋಚಿಸಿದನು. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತ್ ರಂಧ್ರದ ಕಾರ್ಡುಗಳಿಂದಲೇ ಎಣಿಸಿ ತೋರಿಸಿದನು. ಉಂಟು, ಇಲ್ಲ ಎಂಬ ಎರಡೇ ಮಾತುಗಳಿಂದ ಸೆರಗಿನ ಬುಟ್ಟಾ ಮೂಡಿಸುವ ವಿದ್ಯೆಯನ್ನು ಬಲ್ಲ ಊರಿಗೆ ಕಂಪ್ಯೂಟರು ಹೊರಗಿನದೆಂದು ಹೇಳಲು ನನಗಂತೂ ಮನಸ್ಸು ಬರುವುದಿಲ್ಲ.

ಇನ್ನು ಸದ್ದಿನ ವಿಚಾರ. ಕಂಪ್ಯೂಟರು ಲೆಕ್ಕ ಮಾಡುವಾಗ ಸದ್ದು ಮಾಡುವುದಿಲ್ಲ. ಅದರ ಶಾಖವನ್ನು ಹೊರಹಾಕುವ ಫ್ಯಾನು ಸದ್ದು ಮಾಡುತ್ತದೆ. ಅದು ಸೇವಿಸುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪರಿಚಯಿಸಲ್ಪಟ್ಟ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿದ್ದುದರಿಂದ ಅದನ್ನು ತಂಪಾಗಿಡುವುದೇ ಒಂದು ದೊಡ್ಡ ಕೆಲಸವಾಗಿತ್ತು. ಇಂದಿನ ಸಾಮಾನ್ಯ ಮೇಜು-ಕಂಪ್ಯೂಟರಿನ ಪ್ರೊಸೆಸರು 65 ವ್ಯಾಟ್‌ನಷ್ಟು ಶಾಖವನ್ನು ಹೊರಸೂಸುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಹಳೆಯ 60 ವ್ಯಾಟಿನ ತಂತಿಬಲ್ಬನ್ನು ಬರಿಗೈಯಿಂದ ಮುಟ್ಟಲಾಗುತ್ತಿರಲಿಲ್ಲವೆಂಬುದನ್ನು ನೆನೆಯಿರಿ. ಅದಕ್ಕಿಂತ ಹೆಚ್ಚಿನ ಶಾಖವು ಇಲ್ಲಿ ಉಗುರಿನಗಲದ ಸಿಲಿಕಾನ್ ತುಣುಕಿನಿಂದ ಹೊಮ್ಮುತ್ತದೆ.

ಫ್ಯಾನಿನ ತೊಂದರೆಯು ಸದ್ದಿಗೇ ಮುಗಿಯುವುದಿಲ್ಲ. ನೇಯುವ ಮನೆಯ ಗಾಳಿಯಲ್ಲಿ ನೂಲಿನ ನವಿರು ಸದಾ ತೇಲುತ್ತಿರುತ್ತದೆ. ಫ್ಯಾನು ಗಾಳಿಯೊಡನೆ ಈ ನವಿರನ್ನೂ ಒಳಕ್ಕೆಳೆದುಕೊಳ್ಳುತ್ತದೆ. ಅದು ಲೋಹದ ಸಂದುಗಳಲ್ಲಿ ಸಿಕ್ಕಿಕೊಂಡು ತೆಳುವಾದ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಶಾಖ ಹೊರಹೋಗದಾಗ ಫ್ಯಾನು ಇನ್ನಷ್ಟು ರಭಸದಿಂದ ತಿರುಗುತ್ತದೆ, ಇನ್ನಷ್ಟು ನವಿರನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಪ್ರೊಸೆಸರು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ; 'ಯಂತ್ರ ಹಳೆಯದಾಯಿತು' ಎಂದು ನಾವು ಅದನ್ನು ಮೂಲೆಗೆ ತಳ್ಳುತ್ತೇವೆ. ಆದುದರಿಂದ ಇಂಥ ಊರಿನಲ್ಲಿ ಫ್ಯಾನಿಲ್ಲದ ಕಂಪ್ಯೂಟರು ಶೋಕಿಯ ವಸ್ತುವಲ್ಲ.

ಫ್ಯಾನನ್ನು ತೆಗೆಯಬೇಕಾದರೆ ಮೊದಲು ಶಾಖವನ್ನು ಹುಟ್ಟುವಲ್ಲಿಯೇ ಕಡಿಮೆ ಮಾಡಬೇಕು. ಇಂಟೆಲ್ ಸಂಸ್ಥೆಯು 2023ರಲ್ಲಿ ಹೊರತಂದ ಎನ್100 ಎಂಬ ಪ್ರೊಸೆಸರಿಗೆ ಗೊತ್ತುಪಡಿಸಿದ ಶಾಖದ ಪ್ರಮಾಣ 6 ವ್ಯಾಟ್ ಮಾತ್ರ. ಬಿರುಸಿನ ಕೆಲಸದಲ್ಲಿ ಅದನ್ನು ಮೀರುವುದುಂಟು. ಇಂಥ ಪ್ರೊಸೆಸರನ್ನು ಕೂಡಿಸಿಯೇ ಬರುವ 17 ಸೆಂಟಿಮೀಟರ್ ಚೌಕದ ಮದರ್‌ಬೋರ್ಡುಗಳು ದೊರೆಯುತ್ತವೆ. ಮಿನಿ-ಐಟಿಎಕ್ಸ್ ಎಂಬ ಈ ಅಳತೆಯನ್ನು 2001ರಲ್ಲಿ ವಯಾ ಎಂಬ ಸಂಸ್ಥೆಯು ಬಳಕೆಗೆ ತಂದಿತು. ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕಿಗೆ ಬದಲಾಗಿ ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಬಳಸಿದರೆ ಇನ್ನೊಂದು ಸದ್ದು ಅಡಗುತ್ತದೆ. ಪಾಠ, ಪತ್ರ, ಲೆಕ್ಕಪತ್ರ, ಸೀರೆಯಂಚಿನ ವಿನ್ಯಾಸಗಳಿಗೆ ಇಷ್ಟು ಧಾರಾಳವಾಗಿ ಸಾಕು. ದೊಡ್ಡ ಆಟಗಳಿಗೆ ಸಾಲದು. ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ.

ಉಳಿದ ಶಾಖವನ್ನು ಗಾಳಿಗೆ ಒಪ್ಪಿಸುವ ಬಗೆಯನ್ನು ಮುಧೋಳ-ಜಮಖಂಡಿ ಸೀಮೆಯ ಬೆಲ್ಲದ ಗಾಣಗಳಲ್ಲಿ ನೋಡಬಹುದು. ಕುದಿದ ಪಾಕವನ್ನು ಕೊಪ್ಪರಿಗೆಯಲ್ಲಿಯೇ ಬಿಟ್ಟರೆ ಅದು ಬೇಗ ಆರುವುದಿಲ್ಲ. ಅಗಲವಾದ ತೊಟ್ಟಿಗೆ ಸುರಿದು ಹರಡಿದರೆ ಆರುತ್ತದೆ. ಮೇಲ್ಮೈ ಹಿಗ್ಗಿದಷ್ಟೂ ಶಾಖ ಬೇಗ ಹೊರಬೀಳುತ್ತದೆ. ಶಾಖವನ್ನು ಆರಿಸುವ ಲೋಹದ ತುಂಡಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಏಣುಗಳಿರುವುದು ಇದಕ್ಕಾಗಿಯೇ. ಪ್ರೊಸೆಸರಿನ ಮೇಲೆ ತಾಮ್ರದ ಇಲ್ಲವೆ ಅಲ್ಯೂಮಿನಿಯಮಿನ ಗಟ್ಟಿಯನ್ನಿರಿಸಿ, ಅದು ಪೆಟ್ಟಿಗೆಯ ಮುಚ್ಚಳಕ್ಕೆ ತಾಗುವಂತೆ ಮಾಡಿದರೆ ಮುಚ್ಚಳವೇ ಶಾಖವನ್ನು ಆರಿಸುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಗಾಳಿಯ ತೆಳುಪದರವಿರುತ್ತದೆ. ಗಾಳಿಯು ಶಾಖವನ್ನು ಸುಲಭವಾಗಿ ಹಾಯಗೊಡದು; ಆದುದರಿಂದ ನಡುವೆ ಶಾಖವಾಹಕ ಲೇಪವನ್ನು ತೆಳ್ಳಗೆ ಸವರಬೇಕು.

ಪೆಟ್ಟಿಗೆಯನ್ನು ಊರಿನ ಬಡಿಗರಿಂದಲೂ ತಗಡಿನ ಕೆಲಸದವರಿಂದಲೂ ಮಾಡಿಸಿಕೊಳ್ಳಬಹುದು. ಇಪ್ಪತ್ತು ಸೆಂಟಿಮೀಟರ್ ಚೌಕ, ಏಳು ಸೆಂಟಿಮೀಟರ್ ಎತ್ತರವಿದ್ದರೆ ಅದರ ಗಾತ್ರವು ಮೂರು ಲೀಟರಿಗೂ ಕಡಿಮೆ. ಅಂಗಡಿಯ ದೊಡ್ಡ ಡಬ್ಬಿಯು ನಲವತ್ತು ಲೀಟರಿನಷ್ಟಿರುತ್ತದೆ. ಸಾಗುವಾನಿಯ ಪೆಟ್ಟಿಗೆ ಚೆಂದವೇನೋ ನಿಜ. ಆದರೆ ಅಲ್ಯೂಮಿನಿಯಮ್ ಮರಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುತ್ತದೆ. ಬದಿಗಳು ಮರದವಿರಲಿ, ಮುಚ್ಚಳ ಮಾತ್ರ ದಪ್ಪ ಅಲ್ಯೂಮಿನಿಯಮಿನದೇ ಆಗಿರಲಿ. ನಾಲ್ಕೂ ಕಡೆ ಲೋಹವನ್ನೇ ಬಳಸುವುದಾದರೆ ವೈಫೈ ತರಂಗಗಳು ಒಳಗೆ ಬರಲಾರವು, ಆಂಟೆನಾವನ್ನು ಹೊರಗಿಡಬೇಕಾಗುತ್ತದೆ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಅಡುಗೆಯ ಹೊಗೆಯು ಮೇಲಿನ ಬೆಳಕಿಂಡಿಯಿಂದ ತಾನಾಗಿಯೇ ಹೊರಟುಹೋಗುತ್ತದೆ, ಬಾಗಿಲಿನಿಂದ ತಂಪುಗಾಳಿ ಒಳಬರುತ್ತದೆ. ಪೆಟ್ಟಿಗೆಗೂ ಅದೇ ನ್ಯಾಯ. ತಳದಲ್ಲಿ ಒಂದು ಸಾಲು, ಬದಿಯ ಮೇಲಂಚಿನಲ್ಲಿ ಇನ್ನೊಂದು ಸಾಲು ರಂಧ್ರಗಳಿದ್ದು, ಕೆಳಗೆ ಬೆರಳುದ್ದದ ಕಾಲುಗಳಿದ್ದರೆ ಬಿಸಿಗಾಳಿ ಮೇಲೇರಿ ಹೋಗುತ್ತದೆ. ರಂಧ್ರಗಳನ್ನು ಬೋರ್ಡು ಕೂಡಿಸುವ ಮೊದಲೇ ಕೊರೆಯಬೇಕು. ಲೋಹದ ಒಂದು ಚೂರು ಒಳಗೆ ಬಿದ್ದರೂ ಶಾರ್ಟ್ ಸರ್ಕಿಟ್ ಆಗಬಹುದು. 230 ವೋಲ್ಟಿನ ವಿದ್ಯುತ್ತು ಪೆಟ್ಟಿಗೆಯೊಳಗೆ ಬರಲೇಕೂಡದು. ಹೊರಗಿನ ಅಡಾಪ್ಟರು ಅದನ್ನು ಬೋರ್ಡಿಗೆ ಬೇಕಾದ 12 ಅಥವಾ 19 ವೋಲ್ಟಿಗೆ ಇಳಿಸಿ ಕೊಡುತ್ತದೆ. ಆ ಅಡಾಪ್ಟರನ್ನು ಬಿಚ್ಚುವ ಸಾಹಸ ಬೇಡ.

ಫ್ಯಾನಿಲ್ಲದ ಪುಟ್ಟ ಗಣಕದ ಕನಸು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ಪ್ರಕಟಿಸಿದರು. ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ, ಹಳ್ಳಿಯ ಜನರ ಕೈಗೆಟುಕುವ ಯಂತ್ರವಾಗಬೇಕೆಂಬುದು ಅವರ ಆಶಯವಾಗಿತ್ತು. 2004ರಲ್ಲಿ ಅದು ಮಾರುಕಟ್ಟೆಗೂ ಬಂದಿತು. ಎಣಿಸಿದಷ್ಟು ಮಾರಾಟವಾಗಲಿಲ್ಲವೆಂಬ ಮಾತ್ರಕ್ಕೆ ಆ ಯತ್ನವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಮೊಬೈಲು ಮನೆಮನೆಗೆ ಬರುವ ಮುನ್ನವೇ ಅವರು ಅದನ್ನು ಯೋಚಿಸಿದ್ದರು.

ಜೋಡಿಸಿದ ಗಣಕವನ್ನು ಪರೀಕ್ಷಿಸಲು ಬೀಳಗಿ, ಮುಧೋಳಗಳ ಬೇಸಿಗೆಗಿಂತ ಕಠಿಣವಾದ ಪರೀಕ್ಷಕ ಬೇಕಿಲ್ಲ. ಒಂದು ಗಂಟೆ ಎಡೆಬಿಡದೆ ಕೆಲಸ ಕೊಟ್ಟು ಪ್ರೊಸೆಸರಿನ ಉಷ್ಣತೆಯನ್ನು ಪರದೆಯ ಮೇಲೆ ನೋಡಬೇಕು. ಅದರ ಉಷ್ಣತೆಯು ಕೋಣೆಯದಕ್ಕಿಂತ ಹೆಚ್ಚುಕಡಿಮೆ ಒಂದು ನಿಶ್ಚಿತ ಅಂತರದಲ್ಲಿ ಮೇಲಿರುತ್ತದೆ. ಈ ಅಂತರ 35 ಡಿಗ್ರಿಯಿದ್ದರೆ, ಜನವರಿಯ 25 ಡಿಗ್ರಿಯ ಕೋಣೆಯಲ್ಲಿ 60 ಡಿಗ್ರಿ. ಏಪ್ರಿಲ್ ತಿಂಗಳ 42 ಡಿಗ್ರಿಯಲ್ಲಿ 77. ಇಷ್ಟಾದರೆ ಚಿಂತೆಯಿಲ್ಲ. ತೊಂಬತ್ತನ್ನು ದಾಟಿದರೆ ಮುಚ್ಚಳವನ್ನು ಬಿಚ್ಚಿ, ಲೇಪವು ಸರಿಯಾಗಿ ಹರಡಿದೆಯೇ, ತಿರುಪುಗಳು ಸಮನಾಗಿ ಬಿಗಿದಿವೆಯೇ ಎಂದು ನೋಡಬೇಕು. ಅದೂ ಸರಿಯಾಗಿದ್ದರೆ ದೊಡ್ಡದಾದ, 12 ಸೆಂಟಿಮೀಟರಿನ ಒಂದೇ ಫ್ಯಾನನ್ನು ನಿಧಾನವಾಗಿ ತಿರುಗುವಂತೆ ಜೋಡಿಸಿ, ಅದರ ಮುಂದೆ ಸಣ್ಣ ಕಣ್ಣಿನ ಜಾಲರಿಯನ್ನು ಕಟ್ಟಬಹುದು. ತಿರುಗುವ ವೇಗವನ್ನು ಅರ್ಧಕ್ಕಿಳಿಸಿದರೆ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಜಾಲರಿಯ ಮೇಲೆ ಕುಳಿತ ನವಿರನ್ನು ಮಾತ್ರ ವಾರಕ್ಕೊಮ್ಮೆ ಕುಂಚದಿಂದ ಒರೆಸಬೇಕಾಗುತ್ತದೆ.