ರಾಣಿಯಿಲ್ಲದ ರಾಣಿಯ ಚಿತ್ರ

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಿದ್ದೆ. ತಂಗಿಯ ಮಗನೂ ಜೊತೆಗಿದ್ದ. ಅಲ್ಲಿ 1906ರಿಂದಲೂ ನಿಂತಿರುವ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು ಅವನು ತನ್ನ ಮೊಬೈಲಿನಲ್ಲಿ ಹತ್ತಾರು ಸಲ ತೆಗೆದ. ಮನೆಗೆ ಬಂದವನೇ ಒಂದು ಚಿತ್ರವನ್ನಾರಿಸಿ, ರಾಣಿಯ ಮುಖವನ್ನೂ ಕೈಗಳನ್ನೂ ಕತ್ತರಿಸಿಹಾಕಿದ. ಉಡುಪಿನ ನೆರಿಗೆಗಳಷ್ಟೇ ಉಳಿದವು. ನಡುವಣ ಬೂದುಬಣ್ಣವನ್ನೆಲ್ಲ ಅಳಿಸಿ, ಕಡುಕಪ್ಪು ಮತ್ತು ಬಿಳುಪು ಎರಡನ್ನೇ ಇರಿಸಿ, ಚಿತ್ರವನ್ನು ಅಡ್ಡಲಾಗಿ ತಿರುಗಿಸಿ ಅಜ್ಜಿಯ ಮುಂದೆ ಹಿಡಿದ.

"ಇದು ಯಾವ ಊರಿನ ಹೊಲವೋ? ಉತ್ತ ಸಾಲುಗಳು ಎಷ್ಟು ನೇರವಾಗಿವೆ!" ಎಂದರು ನಮ್ಮ ತಾಯಿ.

ಹುಡುಗ ಗೆದ್ದವನಂತೆ ನಕ್ಕ. ನನಗೆ ಮಾತ್ರ ಕೊಂಚ ಮುನಿಸೇ ಬಂದಿತು. ಶಿಲ್ಪಿ ಥಾಮಸ್ ಬ್ರಾಕ್ ಶ್ರಮಪಟ್ಟು ರೂಪಿಸಿದ ಆಕೃತಿಯ ಮುಖವನ್ನೇ ಕಿತ್ತೆಸೆದು, ಉಳಿದುದನ್ನು ಅಮೂರ್ತ ಕಲೆಯೆಂದು ಕರೆಯುವ ಅಧಿಕಾರ ಇವನಿಗೆಲ್ಲಿಂದ ಬಂತು? (ರಾಣಿಯ ಮೇಲೆ ನನಗೆ ವಿಶೇಷ ಭಕ್ತಿಯೇನೂ ಇಲ್ಲವೆಂಬುದನ್ನು ವಾಚಕರು ನಂಬಬೇಕು.)

ಆ ರಾತ್ರಿ ನೆನಪಾದುದು ಬಾಲ್ಜಾಕನ ಕಥೆ. ಈ ಕಾದಂಬರಿಕಾರನ ಸ್ಮಾರಕವನ್ನು ಮಾಡಿಕೊಡುವಂತೆ ಫ್ರಾನ್ಸಿನ ಲೇಖಕರ ಸಂಘವು 1891ರಲ್ಲಿ ಶಿಲ್ಪಿ ರೋಡಿನ್ನನನ್ನು ಕೇಳಿಕೊಂಡಿತು. ಏಳು ವರ್ಷಗಳ ಬಳಿಕ ಪ್ರತಿಮೆಯ ಪ್ಲಾಸ್ಟರ್ ರೂಪ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಬಂದಾಗ ನೋಡಿದವರು ಗೇಲಿಮಾಡಿದರು. ಮೈತುಂಬ ನಿಲುವಂಗಿ ಹೊದ್ದು ಹಿಂದಕ್ಕೆ ವಾಲಿದ ಅದು ಅವರ ಕಣ್ಣಿಗೆ ಬರಿಯ ಮುದ್ದೆ. ಸಂಘವೂ ಬೇಡವೆಂದಿತು. ರೋಡಿನ್ ಅದನ್ನು ಮ್ಯೂಡನ್ನಿನ ತನ್ನ ಮನೆಗೆ ಒಯ್ದ.

1908ರಲ್ಲಿ ಎಡ್ವರ್ಡ್ ಸ್ಟೈಕನ್ ಎಂಬ ಅಮೆರಿಕದ ಛಾಯಾಗ್ರಾಹಕ ಅಲ್ಲಿಗೆ ಹೋದ. ಪ್ರತಿಮೆಯನ್ನು ಬಯಲಿಗೆ ತಂದು ನಿಲ್ಲಿಸಲಾಯಿತು. ಹಗಲು ಬೆಳಕಿನಲ್ಲಿ ಸುಣ್ಣದಂತೆ ಬಿಳಿಚಿಕೊಳ್ಳುವ ಅದನ್ನು ಆತ ಬೆಳುದಿಂಗಳಿನಲ್ಲಿ ಹಿಡಿದ. ಒಂದೊಂದು ಚಿತ್ರಕ್ಕೂ ಕ್ಯಾಮೆರಾದ ಕಣ್ಣನ್ನು ದೀರ್ಘಕಾಲ ತೆರೆದಿಡಬೇಕಾಗಿತ್ತು. ಕಣ್ಣು, ಮೂಗು, ಬೆರಳು ಎಲ್ಲವೂ ಕತ್ತಲಲ್ಲಿ ಕರಗಿ, ಇರುಳಿನೊಳಗಿಂದ ಎದ್ದು ನಿಂತ ಒಂದು ದೊಡ್ಡ ನಿಲುವು ಮಾತ್ರ ಉಳಿಯಿತು. ಜನ ಮುದ್ದೆಯೆಂದು ಹಳಿದದ್ದೇ ಶಿಲ್ಪದ ಸತ್ತ್ವವೆಂಬುದನ್ನು ಆ ಚಿತ್ರಗಳು ತೋರಿಸಿಕೊಟ್ಟವು. ಅವನ್ನು ಕಂಡು ರೋಡಿನ್ ಬಹಳ ಸಂತೋಷಪಟ್ಟ. ಕಂಚಿನ ಬಾಲ್ಜಾಕ್ ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದು 1939ರಲ್ಲಿ, ಶಿಲ್ಪಿ ಕಣ್ಮುಚ್ಚಿ ಇಪ್ಪತ್ತೆರಡು ವರ್ಷಗಳಾದ ಮೇಲೆ.

ಹಾಗೆಂದು ಎಲ್ಲ ಕತ್ತರಿಯನ್ನೂ ನಾನು ಒಪ್ಪಲಾರೆ. ಗುಂಡಿಯೊತ್ತಿದರೆ ಯಾವ ಚಿತ್ರವಾದರೂ ಬಣ್ಣದ ಕಲೆಯಾಗುತ್ತದೆ. ಅದಕ್ಕೆ ಪ್ರತಿಮೆಯೇ ಬೇಕೆಂದಿಲ್ಲ, ಗೋಡೆಯ ಪಾಚಿಯೂ ಸಾಕು. ಹುಡುಗನ ಚಿತ್ರದಲ್ಲಿ ಕಲ್ಲಿನದಲ್ಲದ ಒಂದು ಗೆರೆಯಾದರೂ ಇದೆಯೇ ಎಂದು ನೋಡುವ ಮನಸ್ಸಾಯಿತು.

ಮರುವಾರ ಮೂವರೂ ಪಾರ್ಕಿಗೆ ಹೋದೆವು. ಎಳೆಬಿಸಿಲು ಓರೆಯಾಗಿ ಬಿದ್ದು ನೆರಿಗೆಗಳ ನಡುವೆ ನೆರಳು ತುಂಬಿತ್ತು. ನಾಲ್ವತ್ತು ವರ್ಷಗಳಿಂದ ಆ ದಾರಿಯಲ್ಲಿ ಓಡಾಡಿದ ನಮ್ಮ ತಾಯಿ ರಾಣಿಯ ಮುಖದತ್ತ ತಲೆಯೆತ್ತಲೂ ಇಲ್ಲ. ಕತ್ತನ್ನು ಒಂದು ಕಡೆಗೆ ವಾಲಿಸಿ ಬಹಳ ಹೊತ್ತು ನೋಡಿ, ಉಡುಪಿನ ಒಂದು ಪಕ್ಕಕ್ಕೆ ಬೆರಳು ತೋರಿಸಿ, "ಇಲ್ಲಿದೆ ನೋಡೋ, ನಿನ್ನ ಹೊಲ" ಎಂದರು.