ಕಾದಂಬರಿಯೊಡನೆ ಸ್ವಲ್ಪ ಜಗಳವಾಡಿ

ಮನೆಗೆಲಸದ ನಡುವೆ ಕಾದಂಬರಿ ಹಿಡಿದು ಕೂತರೆ 'ಸಮಯ ಹಾಳು' ಎನ್ನುವವರು ಇಂದಿಗೂ ಇದ್ದಾರೆ. ಹಾಳಾಗುವುದೋ ಇಲ್ಲವೋ ಎಂಬುದು ನಾವು ಓದುವ ರೀತಿಯನ್ನು ಅವಲಂಬಿಸಿದೆ. ಸಹೋದರಿಯರೇ, ಮುಂದೇನಾಯಿತೆಂದು ಪುಟ ಹಾರಿಸುವ ಬದಲು, ಸಿಟ್ಟು ಬಂದಲ್ಲಿ, ನಗು ಬಂದಲ್ಲಿ, ಅನುಮಾನ ಬಂದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ ನೋಡಿ. ನಾನು ಹಾಗೆ ಓದಿದ ನಾಲ್ಕು ಕಾದಂಬರಿಗಳ ಮಾತು ಇಲ್ಲಿದೆ.

ಡೆಪ್ಯೂಟಿ ನಝೀರ್ ಅಹ್ಮದರ ಉರ್ದು ಕಾದಂಬರಿ 'ಮಿರ್‌ಆತುಲ್ ಉರೂಸ್' 1869ರದ್ದು. ತಮ್ಮ ಹೆಣ್ಣುಮಕ್ಕಳ ಓದಿಗೆಂದೇ ಅವರು ಇದನ್ನು ಬರೆದರು. ದೆಹಲಿಯ ಅಕ್ಕ ಅಕ್ಬರಿ ಮೊಂಡು ಸ್ವಭಾವದವಳು. ಹಜ್ಜಿನ ವೇಷ ತೊಟ್ಟ ವಂಚಕಿಯೊಬ್ಬಳನ್ನು ನಂಬಿ ಒಡವೆ ಕಳೆದುಕೊಳ್ಳುತ್ತಾಳೆ. ತಂಗಿ ಅಸ್ಗರಿ ಮನೆಯ ಲೆಕ್ಕ ಸರಿಪಡಿಸಿ, ಹುಡುಗಿಯರಿಗೆ ಪಾಠವನ್ನೂ ಹೇಳುತ್ತಾಳೆ. ಅಸ್ಗರಿ ಮೆಚ್ಚುಗೆಯಾದಳು, ನಿಜ. ಆದರೆ ಅಕ್ಬರಿಯನ್ನು ಮುದ್ದು ಮಾಡಿ ಕೆಡಿಸಿದ್ದು ಅಜ್ಜಿಯಲ್ಲವೇ? ಬೆಳೆಸಿದವರ ತಪ್ಪಿಗೆ ಬೈಗುಳ ತಿನ್ನುವುದು ಮಾತ್ರ ಹುಡುಗಿ! ಅಲ್ಲಿ ನನ್ನ ಮೊದಲ ಗುರುತು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದುವಾಗ ಎಷ್ಟೋ ಸಲ ಪುಸ್ತಕ ಮಡಚಿಟ್ಟೆ. ಹಣದ ವಿಷಯದಲ್ಲಿ ಅಳಿಯನೊಡನೆ ಮುನಿಸಿಕೊಂಡ ತಂದೆ, ಮಗಳು ನಾದಿರಾಳ ಸಂಸಾರವನ್ನೇ ಮುರಿಯುತ್ತಾನೆ. ಗಂಡನಿಗೂ ಅವಳು ಬೇಕು, ಅವಳಿಗೂ ಗಂಡ ಬೇಕು. ಮತ್ತೆ ಸೇರಬೇಕಾದರೆ ಇನ್ನೊಬ್ಬನೊಡನೆ ಒಂದು ರಾತ್ರಿಯ ಮದುವೆಯಾಗಬೇಕೆಂಬ ಏರ್ಪಾಡು! ಹೀಗೆ ಮೊದಲೇ ಗೊತ್ತುಪಡಿಸಿ ಮಾಡುವ 'ಹಲಾಲ'ವನ್ನು ಪ್ರವಾದಿ(ಸ)ಯವರು ಶಪಿಸಿದ್ದಾರೆಂದು ಹದೀಸ್‌ನಲ್ಲಿದೆ. ಕೊನೆಗೆ ನಾದಿರಾ ಮಸೀದಿಯ ಕೆರೆಯ ಪಾಲಾಗುತ್ತಾಳೆ. ತಲಾಕ್‌ಗೆ ಮೊದಲು 'ನಿನಗೇನು ಬೇಕಮ್ಮಾ?' ಎಂದು ಯಾರಾದರೂ ಕೇಳಿ, ಅವಳ ಮಾತಿಗೆ ಬೆಲೆ ಕೊಟ್ಟಿದ್ದರೆ?

ತ್ರಿವೇಣಿಯವರ 'ಶರಪಂಜರ' 1971ರಲ್ಲಿ ಚಲನಚಿತ್ರವೂ ಆಯಿತು. ಬಾಣಂತನದ ಬಳಿಕ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮರಳಿದರೂ ಮನೆಯವರ, ನೆರೆಯವರ ನೋಟ ಬದಲಾಗುವುದಿಲ್ಲ. ಅವಳು ಏನು ಹೇಳಿದರೂ 'ಹುಚ್ಚಿಯ ಮಾತು'. ಕಾಯಿಲೆಗೆ ಔಷಧ ಸಿಕ್ಕಿತು, ಆ ಹೆಸರಿಗೆ ಸಿಗಲಿಲ್ಲ. ನಮ್ಮ ಮನೆಗಳಲ್ಲೂ ಬಾಣಂತಿಯ ಊಟಕ್ಕೆ, ಎಣ್ಣೆನೀರಿಗೆ ಕೊರತೆಯಿಲ್ಲ. ಆದರೆ ಅವಳು ಸುಮ್ಮನೆ ಕೂತು ಅತ್ತರೆ 'ದೃಷ್ಟಿಯಾಗಿದೆ' ಎಂದು ಮಾತು ಮುಗಿಸುತ್ತೇವೆ. ವೈದ್ಯರ ಬಳಿ ಕರೆದೊಯ್ಯುವವರು ಎಷ್ಟು ಮಂದಿ?

ಕೊನೆಯದು ನಗಿಸಿದ ಪುಸ್ತಕ. ವೈಕಂ ಮುಹಮ್ಮದ್ ಬಶೀರರು 1951ರಲ್ಲಿ ಮಲಯಾಳಂನಲ್ಲಿ ಬರೆದ, ಅಜ್ಜನ ಆನೆಯ ಕತೆ. ಆಸ್ತಿಯೆಲ್ಲ ಕೋರ್ಟಿನಲ್ಲಿ ಕರಗಿದರೂ ತಾಯಿಯ ಬಾಯಲ್ಲಿ ತನ್ನ ತಂದೆಯ ಆನೆಯದ್ದೇ ಮಾತು. ಅದು ಮಣ್ಣಿನಲ್ಲಿ ಗುಳಿ ತೋಡುವ ಪುಟ್ಟ ಹುಳವಾಗಿತ್ತೆಂದು ಮಕ್ಕಳು ಗೇಲಿ ಮಾಡುತ್ತಾರೆ! ಮಗಳು ಕುಞ್ಞುಪಾತುಮ್ಮಾಳ ಕೈಹಿಡಿದದ್ದು ಆ ಆನೆಯಲ್ಲ. ನೆರೆಮನೆಯ ಆಯಿಷಾ ಕಲಿಸಿದ ಅಕ್ಷರ.

ನೀವೂ ಒಂದು ಕಾದಂಬರಿ ಓದಿ ಮುಗಿಸಿ, ಅದನ್ನು ಮದುವೆಯ ವಯಸ್ಸಿನ ಮಗಳ ಕೈಗೆ ಕೊಡಿ. 'ನಿನಗೆ ಎಲ್ಲಿ ಸಿಟ್ಟು ಬಂತು?' ಎಂದು ಕೇಳಿ. ನೇರವಾಗಿ ಹೇಳಲು ನಾಚುವ ಮಾತನ್ನು ಅವಳು ನಾದಿರಾಳ ನೆಪದಲ್ಲಿ ಹೇಳಬಹುದು. ಆಗ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕೆಂದು ನಾವೆಲ್ಲ ಬಲ್ಲೆವು. ಆ ಒಪ್ಪಿಗೆ ಕೇಳುವ ರೂಢಿ ಮದುವೆಯ ದಿನಕ್ಕಿಂತ ಬಹಳ ಮೊದಲೇ ಮನೆಯಲ್ಲಿ ಶುರುವಾಗಬೇಕು.